ಪೋಪರ ಪತ್ರಕ್ಕೆ ಗೋಗಿಯ ಒರೆಗಲ್ಲು

ಪೋಪ್ ಫ್ರಾನ್ಸಿಸ್ 2015ರ ಮೇ 24ರಂದು ಸಹಿ ಮಾಡಿದ ‘ಲೌದಾತೊ ಸೀ’ ಎಂಬ ವಿಶ್ವಪತ್ರ ಕ್ಯಾಥೊಲಿಕರಿಗಷ್ಟೇ ಬರೆದದ್ದಲ್ಲ. ಈ ಭೂಮಿಯ ಮೇಲಿರುವ ಪ್ರತಿಯೊಬ್ಬರ ಜೊತೆಗೂ ಮಾತಾಡಬೇಕಾಗಿದೆ ಎಂದು ಅವರು ಆರಂಭದಲ್ಲೇ ಹೇಳುತ್ತಾರೆ. ಹಾಗಿದ್ದ ಮೇಲೆ ಅದನ್ನು ಒರೆಗೆ ಹಚ್ಚುವ ಹಕ್ಕು ಯಾದಗಿರಿ, ಶಹಾಪುರ, ಸುರಪುರದ ಓದುಗರಿಗೂ ಇದೆ. ಈ ಭಾಗದಲ್ಲಿ ಕ್ಯಾಥೊಲಿಕರು ಕಡಿಮೆ. ಕ್ರೈಸ್ತರೆಂದರೆ ಇಲ್ಲಿ ನೆನಪಾಗುವುದು ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯ ಮೆಥೊಡಿಸ್ಟರೇ. ಕಲಬುರಗಿ ಕ್ಯಾಥೊಲಿಕ್ ಧರ್ಮಪ್ರಾಂತ ಬಳ್ಳಾರಿಯಿಂದ ಬೇರೆಯಾದದ್ದು 2005ರಲ್ಲಷ್ಟೇ. ಆದರೆ ಪತ್ರ ಎತ್ತುವ ಸಂಗತಿಗಳಾದ ನೀರು, ಗಣಿ, ಸಾಲ, ವಲಸೆಗೆ ಮತಭೇದವಿಲ್ಲ. ಅವು ಈ ಜಿಲ್ಲೆಯ ದಿನನಿತ್ಯದ ಮಾತು.

246 ಪರಿಚ್ಛೇದಗಳ ಈ ಪತ್ರದಲ್ಲಿ ಆರು ಅಧ್ಯಾಯಗಳಿವೆ. ಅವುಗಳ ನಡುವೆ ಹರಿಯುವ ವಾದ ಒಂದೇ: ಪರಿಸರದ ಬಿಕ್ಕಟ್ಟು, ಬಡತನದ ಬಿಕ್ಕಟ್ಟು ಎಂದು ಎರಡಿಲ್ಲ, ನೆಲ ಕೆಟ್ಟಾಗ ಮೊದಲು ಕೆಡುವುದು ಬಡವರ ಬಾಳು. ಇದು ಭಾಷಣಗಳಲ್ಲಿ ಸವೆದ ಮಾತಿನಂತೆ ಕೇಳಿಸಬಹುದು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಅದರ ಮೊನಚು ತಿಳಿಯುತ್ತದೆ. ಹಳೆಯ ಚಿನ್ನದ ಗಣಿಗಳಿದ್ದ ಮಂಗಳೂರು ಶಿಲಾವಲಯದಲ್ಲಿ (ಕರಾವಳಿಯ ಮಂಗಳೂರಲ್ಲ, ಇದು ಸುರಪುರದ್ದೇ) ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಕೂಡ ಇದೆ. ತಾಂಡಾದ ಜನ ಕುಡಿದ ಅಂತರ್ಜಲದಲ್ಲಿ ಆ ವಿಷ ಪತ್ತೆಯಾಯಿತು. ಅಂಗೈ, ಅಂಗಾಲು, ಮೈಚರ್ಮದ ಮೇಲೆ ಅದರ ಗುರುತು ಬಿದ್ದ ರೋಗಿಗಳನ್ನು ತಜ್ಞರು ದಾಖಲಿಸಿದರು. ಇಲ್ಲಿ ಚಿನ್ನ ಹೋದದ್ದು ಒಂದು ಕಡೆಗೆ, ಆರ್ಸೆನಿಕ್ ಉಳಿದದ್ದು ಲಂಬಾಣಿಗರ ಕೊಡದಲ್ಲಿ. ಗಣಿ ಕಂಪನಿಗಳು ಕೆಲಸ ಮುಗಿಸಿ ಹೋದ ಮೇಲೆ ಊರಿಗೆ ಏನನ್ನು ಬಿಟ್ಟುಹೋಗುತ್ತವೆ ಎಂಬುದನ್ನು ಪತ್ರದ 51ನೇ ಪರಿಚ್ಛೇದ ಲೆಕ್ಕ ಹಾಕಿ ಹೇಳುತ್ತದೆ, ಅದನ್ನು ಶ್ರೀಮಂತ ದೇಶಗಳು ಬಡ ದೇಶಗಳಿಗೆ ತೀರಿಸಬೇಕಾದ ಸಾಲವೆಂದೇ ಕರೆಯುತ್ತದೆ. ಶುದ್ಧ ಕುಡಿಯುವ ನೀರು ದಾನವಲ್ಲ, ಮನುಷ್ಯನ ಮೂಲಭೂತ ಹಕ್ಕು ಎನ್ನುವ 30ನೇ ಪರಿಚ್ಛೇದವೂ ಇದರ ಜೊತೆಗೇ ನಿಲ್ಲುತ್ತದೆ. ಧರ್ಮಗುರುವೊಬ್ಬರು ಕರುಣೆಯ ಭಾಷೆ ಬಿಟ್ಟು ಸಾಲ ಮತ್ತು ಹಕ್ಕಿನ ಭಾಷೆಗೆ ಬಂದದ್ದು ಸಣ್ಣ ಮಾತಲ್ಲ.

ಪತ್ರದ ಅತ್ಯಂತ ಗಟ್ಟಿಯಾದ ಭಾಗ ಐದನೇ ಅಧ್ಯಾಯ. ಹೊಗಳುವವರು ಸಾಮಾನ್ಯವಾಗಿ ಕೊನೆಯ ಅಧ್ಯಾಯದ ಆಧ್ಯಾತ್ಮವನ್ನೋ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಾಡಿನ ನೆನಪನ್ನೋ ಎತ್ತಿ ಹಿಡಿಯುತ್ತಾರೆ. ನನಗೆ ಮುಖ್ಯವೆನಿಸುವುದು 183ರಿಂದ 186ರವರೆಗಿನ ನಾಲ್ಕು ಪರಿಚ್ಛೇದಗಳು. ಪರಿಸರದ ಮೇಲಿನ ಪರಿಣಾಮವನ್ನು ಯೋಜನೆ ಸಿದ್ಧವಾದ ಮೇಲೆ ಅಲ್ಲ, ಆರಂಭದಲ್ಲೇ ಅಳೆಯಬೇಕು. ಚರ್ಚೆಯಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನವಿರಬೇಕು. ಯೋಜನೆಯೊಂದನ್ನು ಯಾಕೆ, ಎಲ್ಲಿ, ಯಾರಿಗಾಗಿ ಮಾಡುತ್ತೀರಿ, ಖರ್ಚು ಯಾರು ಹೊರುತ್ತಾರೆ ಎಂದು ಕೇಳಬೇಕು. ಗಂಭೀರ ಹಾನಿಯ ಸುಳಿವು ಸಿಕ್ಕರೆ, ಹಾನಿಯಿಲ್ಲವೆಂದು ತೋರಿಸುವ ಹೊಣೆ ಯೋಜನೆ ತಂದವರದೇ.

ಈ ಪ್ರಶ್ನೆಗಳನ್ನು ಶಹಾಪುರ ತಾಲ್ಲೂಕಿನ ಗೋಗಿಗೆ ಒಯ್ಯೋಣ. ಅಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿ, ಗಣಿಯ ಪ್ರಸ್ತಾಪ ಬಂದಾಗಿನಿಂದ ಊರಿನವರಲ್ಲಿ ಆತಂಕವಿದೆ, ವಿರೋಧವಿದೆ. ನಮ್ಮಲ್ಲಿ ಅಹವಾಲು ಸಭೆಗಳೆಂದರೆ ಅಧಿಕಾರಿಗಳು ತಾಂತ್ರಿಕ ಭಾಷೆಯಲ್ಲಿ ಉತ್ತರ ಹೇಳುವುದು, ರೈತ ಅರ್ಜಿ ಕೊಟ್ಟು ಮನೆಗೆ ಹೋಗುವುದು. ಪುರಾವೆ ತರುವ ಹೊರೆ ಯಾವಾಗಲೂ ಭಯಪಟ್ಟವನ ತಲೆ ಮೇಲೆ. ಅದನ್ನು ತಿರುಗಿಸಿ ಕಂಪನಿಯ ಹೆಗಲಿಗೇರಿಸುವ 186ನೇ ಪರಿಚ್ಛೇದ ಯಾವ ಗ್ರಾಮಸಭೆಯೂ ಬಾಯಿಪಾಠ ಮಾಡಿಕೊಳ್ಳಬಹುದಾದದ್ದು.

ಆದರೆ ಗೋಗಿಯೇ ಪತ್ರದ ಒಂದು ಬಿರುಕನ್ನೂ ತೋರಿಸುತ್ತದೆ. ಕಲ್ಲಿದ್ದಲು, ತೈಲಗಳನ್ನು ತಡಮಾಡದೆ ಹಂತಹಂತವಾಗಿ ಬಿಡಬೇಕೆಂದು 165ನೇ ಪರಿಚ್ಛೇದ ಒತ್ತಾಯಿಸುತ್ತದೆ. ಕಲ್ಲಿದ್ದಲಿಗೆ ಬದಲಿಯೆಂದು ಸರ್ಕಾರಗಳು ಮುಂದಿಡುವ ಹೆಸರುಗಳಲ್ಲಿ ಅಣುವಿದ್ಯುತ್ತೂ ಒಂದು. ಆ ವಿದ್ಯುತ್ತಿಗೆ ಬೇಕಾದದ್ದು ಗೋಗಿಯಂಥ ಊರುಗಳ ಒಡಲಲ್ಲಿದೆ. ಜಗತ್ತಿನ ಹವಾಮಾನ ಉಳಿಸಲು ಒಂದು ಊರು ತನ್ನ ನೀರನ್ನು ಪಣಕ್ಕಿಡಬೇಕೆ? ಇಂಥ ಇಕ್ಕಟ್ಟಿನಲ್ಲಿ ತೂಗುವುದು ಹೇಗೆಂದು ಪತ್ರ ಹೇಳುವುದಿಲ್ಲ. ದುರಾಸೆ ಒಂದು ಕಡೆ, ಭೂಮಿ ಇನ್ನೊಂದು ಕಡೆ ಇದ್ದಾಗ ಅದರ ದನಿ ಸ್ಪಷ್ಟ. ಒಂದು ಒಳಿತಿಗೆ ಇನ್ನೊಂದು ಒಳಿತು ಎದುರಾದಾಗ ದನಿ ತಗ್ಗುತ್ತದೆ.

ಮೂರನೇ ಅಧ್ಯಾಯದ ತಂತ್ರಜ್ಞಾನ ವಿಮರ್ಶೆಯಲ್ಲೂ ಇದೇ ತೊಡಕು. ಪ್ರತಿ ಸಮಸ್ಯೆಗೂ ಯಂತ್ರ, ಕಟ್ಟಡಗಳೇ ಪರಿಹಾರವೆಂಬ ನಂಬಿಕೆಯೇ ರೋಗದ ಮೂಲ ಎನ್ನುತ್ತಾರೆ ಪೋಪ್. ನಾರಾಯಣಪುರದ ಬಸವಸಾಗರವನ್ನೂ ಅದರ ಎಡದಂಡೆ ಕಾಲುವೆಯನ್ನೂ ಕಂಡವರು ಅರ್ಧ ತಲೆಯಾಡಿಸುತ್ತಾರೆ. ಮಿತ ನೀರಾವರಿ ಬೆಳೆಗೆಂದು ಮಾಡಿದ ಯೋಜನೆಯಲ್ಲಿ ಭತ್ತ ಹಬ್ಬಿತು. ಮೇಲಿನವರ ಗದ್ದೆಯಲ್ಲಿ ನೀರು ನಿಂತಾಗ ಕಾಲುವೆಯ ಕೊನೆಯಂಚಿನ ಹೊಲಕ್ಕೆ ವಾರಬಂದಿಯ ಸರದಿ ಬಂದರೂ ನೀರು ಬರಲಿಲ್ಲ. ಎಷ್ಟೋ ಕಡೆ ನೆಲ ಸವುಳಾಯಿತು. ಕಾಲುವೆ ಕಟ್ಟಿದ ಮಾತ್ರಕ್ಕೆ ನ್ಯಾಯ ಹರಿಯಲಿಲ್ಲ. ಆದರೆ ಭತ್ತ ಹಾಕಿದ ರೈತನನ್ನು ಭೋಗದ ಗುಲಾಮನೆನ್ನಲಾದೀತೆ? ತಲೆತಲಾಂತರ ಮಳೆಯ ದಾರಿ ಕಾದವನು ನೀರು ಕಂಡಾಗ, ಖಚಿತವಾಗಿ ಮಾರಾಟವಾಗುವ ಬೆಳೆಯತ್ತ ತಿರುಗಿದ. ಪತ್ರದಲ್ಲಿ ತಪ್ಪಿಗೆ ಕಾರಣ ಹೆಚ್ಚಾಗಿ ಭೋಗಲಾಲಸೆಯೇ. ಅಭದ್ರತೆಯೂ ಮನುಷ್ಯನಿಂದ ನೆಲಕ್ಕೆ ಅನ್ಯಾಯ ಮಾಡಿಸುತ್ತದೆ ಎಂಬುದಕ್ಕೆ ಅದರಲ್ಲಿ ಜಾಗ ಕಡಿಮೆ. ಹೆಚ್ಚುತ್ತಿರುವ ಏರ್ ಕಂಡೀಷನರ್ ಬಳಕೆಯನ್ನು ಕೆಟ್ಟ ಚಟದ ಉದಾಹರಣೆಯಾಗಿ ಕೊಡುವ 55ನೇ ಪರಿಚ್ಛೇದವನ್ನು ಯಾದಗಿರಿಯ ಮೇ ತಿಂಗಳಲ್ಲಿ, ತಗಡಿನ ಸೂರಿನಡಿ ಕೂತು ಓದಿದರೆ ಈ ಮಾತು ಯಾರನ್ನು ಉದ್ದೇಶಿಸಿದ್ದು ಎಂಬ ಸಂಶಯ ಬರುತ್ತದೆ.

ಅತಿ ದೊಡ್ಡ ಕೊರತೆ ಇನ್ನೊಂದಿದೆ: ಇಡೀ ಪತ್ರದಲ್ಲಿ ಜಾತಿಯ ಪ್ರಸ್ತಾಪವಿಲ್ಲ. ರೋಮಿಗೆ ಜಾತಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. 2003ರಲ್ಲೇ ಪೋಪ್ ಎರಡನೇ ಜಾನ್ ಪಾಲ್ ತಮಿಳುನಾಡಿನ ಧರ್ಮಾಧ್ಯಕ್ಷರೆದುರು ಚರ್ಚಿನೊಳಗಿನ ಜಾತಿಭೇದವನ್ನು ಖಂಡಿಸಿದ್ದರು. 2016ರಲ್ಲಿ ಭಾರತದ ಧರ್ಮಾಧ್ಯಕ್ಷರು ದಲಿತ ಸಬಲೀಕರಣ ನೀತಿ ಹೊರಡಿಸಿ, ಅಸ್ಪೃಶ್ಯತೆ ತಮ್ಮೊಳಗೂ ಇದೆ ಎಂದು ಒಪ್ಪಿದರು. ಫ್ರಾನ್ಸಿಸರು ಬ್ರೆಜಿಲ್, ಬೊಲಿವಿಯಾ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕಾದ ಧರ್ಮಾಧ್ಯಕ್ಷರ ಮಾತುಗಳನ್ನು ಹೇರಳವಾಗಿ ಬಳಸಿದ್ದಾರೆ. ಪರಗ್ವೆಯ ರೈತನಿಗೆ ನೆಲದ ಹಕ್ಕಿದೆ ಎಂಬುದೂ ಪತ್ರದಲ್ಲಿದೆ. ಆದರೆ ಯಾರು ಯಾವ ಬಾವಿಯಿಂದ ನೀರು ಸೇದಬಹುದು ಎಂಬ ಪ್ರಶ್ನೆ ಇಲ್ಲ. ನಮ್ಮ ಕಡೆ ನೀರಿನ ಬಡತನ ಹಣದ ಬಡತನವಷ್ಟೇ ಅಲ್ಲ. ಬೋರ್‌ವೆಲ್ ಯಾವ ಓಣಿಯಲ್ಲಿ ಕೊರೆಯುತ್ತಾರೆ, ಗುಳೆ ಹೋಗಿ ಬೆಂಗಳೂರು, ಮುಂಬೈ, ಪುಣೆಯಲ್ಲಿ ಕಟ್ಟಡಕ್ಕೆ ಇಟ್ಟಿಗೆ ಹೊರುವವರು ಯಾವ ಕೇರಿ, ಯಾವ ತಾಂಡಾದವರು ಎಂಬುದರಲ್ಲಿ ಅದು ಕಾಣುತ್ತದೆ. ಭೂಮಿಯನ್ನು ತಾಯಿ, ಅಕ್ಕ ಎಂದು ಕರೆಯುವ ಪತ್ರ ಕೊಡ ಹೊತ್ತು ನಡೆಯುವ ಹೆಂಗಸಿನ ದುಡಿಮೆಗೂ ಪ್ರತ್ಯೇಕ ಗಮನ ಕೊಡುವುದಿಲ್ಲ. ಪತ್ರ ಪದೇ ಪದೇ ಬಳಸುವ ‘ನಾವು’ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಡುತ್ತದೆ.

ಇದೆಲ್ಲ ಹೇಳಿದ ಮೇಲೂ ಪತ್ರದ ತೆರೆದ ಮನಸ್ಸನ್ನು ಮರೆಯಬಾರದು. ಆರ್ಥೊಡಾಕ್ಸ್ ಧರ್ಮಗುರು ಬಾರ್ಥೊಲೊಮ್ಯೂ ಜೊತೆಗೆ, ಅಲಿ ಅಲ್ ಖವ್ವಾಸ್ ಎಂಬ ಸೂಫಿಯ ಮಾತಿಗೂ ಅಡಿಟಿಪ್ಪಣಿಯಲ್ಲಿ ಅದು ಗೌರವದ ಸ್ಥಾನ ಕೊಟ್ಟಿದೆ. ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿ ಮೌನೇಶ್ವರನ ಸೀಮೆಯಲ್ಲಿ ಇದು ಅಚ್ಚರಿಯಲ್ಲ. ರೋಮಿನಿಂದ ಬಂದ ಬೋಧನೆಯಲ್ಲಿ ಅಚ್ಚರಿಯೇ. ಕೊಡೇಕಲ್ಲಿನ ಕಾಲಜ್ಞಾನ ಪರಂಪರೆ ಬರಲಿರುವುದನ್ನು ಒಗಟಾಗಿ ಹೇಳುತ್ತಿತ್ತು. ಪೋಪರ ಪತ್ರ ಒಗಟಾಡುವುದಿಲ್ಲ, ಆಗಿಹೋದದ್ದರ ಲೆಕ್ಕ ಕೇಳುತ್ತದೆ. 2023ರಲ್ಲಿ ಅವರೇ ಬರೆದ ಇನ್ನೊಂದು ಪತ್ರ ‘ಲೌದಾತೆ ದೇಉಮ್’ನಲ್ಲಿ ಆ ದನಿ ಇನ್ನಷ್ಟು ಖಾರವಾಯಿತು. 2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ತೀರಿಕೊಂಡಾಗ ಉಳಿದ ಅವರ ಬೋಧನೆಯಲ್ಲಿ ಬಾಳಿಕೆ ಬರುವುದು ಈ ಲೆಕ್ಕ ಕೇಳುವ ಗುಣವೇ.

ಹಾಗಾಗಿ ನನ್ನ ತೀರ್ಪು ಇಷ್ಟು: ರೋಗದ ಮೂಲ ಹುಡುಕುವಲ್ಲಿ ‘ಲೌದಾತೊ ಸೀ’ ಅಪೂರ್ಣ, ಅಧಿಕಾರಸ್ಥರನ್ನು ಪ್ರಶ್ನಿಸುವ ಕ್ರಮದಲ್ಲಿ ಅಪರೂಪ. ಗೋಗಿಯಲ್ಲಾಗಲಿ ಕಿರದಳ್ಳಿ ತಾಂಡಾದಲ್ಲಾಗಲಿ ಅದನ್ನು ಬಳಸುವವರು 185ನೇ ಪರಿಚ್ಛೇದದ ಪ್ರಶ್ನೆಗಳನ್ನು ಹಾಗೆಯೇ ತೆಗೆದುಕೊಳ್ಳಲಿ. ಪೋಪರು ಬಿಟ್ಟ ಪ್ರಶ್ನೆಯೊಂದನ್ನು ತಾವೇ ಸೇರಿಸಿಕೊಳ್ಳಲಿ: ಖರ್ಚು ಹೊರುವವರು ಯಾವ ಕೇರಿಯವರು?