ಧ್ಯಾನಕೂಟದ ಗಿಟಾರು, ಅಂಕೋಲೆಯ ಗುಮಟೆ

ಕಾರವಾರದ ಚಳಿಗಾಲ ಹೆಸರಿಗಷ್ಟೇ ಚಳಿಗಾಲ. ನಸುಕಿನಲ್ಲಿ ಕಾಳಿ ನದಿಯ ಮೇಲೆ ಮಂಜು ಕೂತಿರುತ್ತದೆ, ಹತ್ತು ಗಂಟೆಗೆಲ್ಲ ಬೆವರು. ಆದರೂ ಡಿಸೆಂಬರಿನ ಕೊನೆಯ ವಾರ ಬಂತೆಂದರೆ ಇಲ್ಲಿಯ ಕ್ರೈಸ್ತ ಹುಡುಗ ಹುಡುಗಿಯರು ಹೊದಿಕೆ, ಚಾಪೆ, ಹಾಡಿನ ಪುಸ್ತಕ ಕಟ್ಟಿಕೊಂಡು ಮೂರು ದಿನದ ಧ್ಯಾನಕೂಟಕ್ಕೆ ಹೊರಡುತ್ತಾರೆ. ಅವರ ಬಾಯಲ್ಲಿ ಅದು ರಿಟ್ರೀಟು. ಕ್ರಿಸ್‌ಮಸ್ಸಿನ ಗದ್ದಲ ಮುಗಿದು ಹೊಸ ವರ್ಷ ಇನ್ನೂ ಬಾರದ ಆ ನಡುವಿನ ದಿನಗಳಲ್ಲಿ ಪ್ರವಚನ, ಪಾಪನಿವೇದನೆ, ಮೌನ, ಬಲಿಪೂಜೆ; ಇವೆಲ್ಲದರ ನಡುವೆ ಹಾಡು, ಹಾಡಿಗೊಂದು ಬ್ಯಾಂಡು. ಕಳೆದ ಡಿಸೆಂಬರಿನಲ್ಲಿ ನಮ್ಮ ಹಳೆಯ ಗೆಳೆಯರೊಬ್ಬರು, ‘ಮಗ ಈ ಸಲ ಗಿಟಾರು ನುಡಿಸ್ತಾನೆ, ಸಂಜೆ ಹಾಡಿನ ಹೊತ್ತಿಗೆ ಹೊರಗಿನವರೂ ಬರಬಹುದು, ಬನ್ನಿ’ ಎಂದು ಕರೆದರು. ಹೋದೆವು. ಮೂರು ಸಂಜೆಯೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆವು.

ಮೊದಲ ಸಂಜೆ ನಿರಾಸೆಯಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ. ವೇದಿಕೆಯ ಮೇಲೆ ಎರಡು ಗಿಟಾರು, ಒಂದು ಕೀಬೋರ್ಡು, ಮೇಲೆ ಕೂತು ಬಾರಿಸುವ ಒಂದು ಮರದ ಪೆಟ್ಟಿಗೆ, ಮೈಕು ಹಿಡಿದ ನಾಲ್ವರು. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಹಾಡಿನ ಸಾಲುಗಳು. ಹಾಡಿದ್ದು ಹೆಚ್ಚಾಗಿ ಇಂಗ್ಲಿಷ್. ಆಸ್ಟ್ರೇಲಿಯಾದ ಸಿಡ್ನಿಯ ಹಿಲ್‌ಸಾಂಗ್, ಕ್ಯಾಲಿಫೋರ್ನಿಯಾದ ಬೆಥೆಲ್, ಇಂಥ ಚರ್ಚುಗಳ ಧ್ವನಿಮುದ್ರಣ ಕೇಳಿ ಕಲಿತ ಹಾಡುಗಳು. ಅವು ಕ್ಯಾಥೊಲಿಕ್ ಚರ್ಚುಗಳಲ್ಲ ಎಂಬುದು ಈ ಕ್ಯಾಥೊಲಿಕ್ ಮಕ್ಕಳಿಗೆ ತೊಡಕಾದಂತಿಲ್ಲ, ಅದು ಒಳ್ಳೆಯದೇ. ಈ ಹಾಡುಗಳ ಕಟ್ಟೋಣ ಮಾತ್ರ ಹೆಚ್ಚುಕಡಿಮೆ ಒಂದೇ. ಮೆಲ್ಲಗೆ ಶುರುವಾಗುವ ನುಡಿ, ಎತ್ತರಕ್ಕೇರುವ ಪಲ್ಲವಿ, ಮತ್ತೆ ಇಳಿತ. ಆಮೇಲೆ ಎರಡೇ ಸಾಲಿನ ಒಂದು ತಿರುವು ಬರುತ್ತದೆ. ಅದನ್ನು ಆರು ಸಲವೋ ಎಂಟು ಸಲವೋ ಸದ್ದು ಏರಿಸುತ್ತ ಹಾಡಿ, ಥಟ್ಟನೆ ವಾದ್ಯ ನಿಲ್ಲಿಸಿ, ಬರಿಗೊರಳಿಗೆ ಬಿಟ್ಟುಬಿಡುವುದು. ಕಣ್ಣಲ್ಲಿ ನೀರು ಬರಬೇಕಾದ ಜಾಗ ಅದು. ಬಂತು ಕೂಡ, ಆದರೆ ವೇದಿಕೆಯ ಮೇಲಿದ್ದವರಿಗೆ. ಕೆಳಗೆ ಕೂತ ನೂರಕ್ಕೂ ಮಿಕ್ಕ ಮಕ್ಕಳಲ್ಲಿ ತುಟಿ ಆಡುತ್ತಿತ್ತು, ದನಿ ಕೇಳುತ್ತಿರಲಿಲ್ಲ.

ಮುಗಿದ ಮೇಲೆ ಗೆಳೆಯರ ಮಗ ಬೆವರು ಒರೆಸಿಕೊಳ್ಳುತ್ತ ಬಂದ. ‘ಪ್ರೋಗ್ರಾಂ ಚೆನ್ನಾಗಿತ್ತಪ್ಪ’ ಎಂದೆವು, ಸೌಜನ್ಯಕ್ಕೆ. ಹುಡುಗನಿಗೆ ಹಿಡಿಸಲಿಲ್ಲ. ‘ಇದು ಪ್ರೋಗ್ರಾಂ ಅಲ್ಲ ಅಂಕಲ್, ಸೇವೆ. ನಾವು ಸೇವೆ ಮಾಡೂದು’ ಎಂದ.

ಆ ಮಾತನ್ನು ಹಿಡಿದುಕೊಂಡೇ ನಾವು ಮನೆಗೆ ಬಂದದ್ದು. ಆದರೆ ಅದಕ್ಕೆ ಮೊದಲು ತಲೆಗೆ ಬಂದದ್ದು ನಮ್ಮ ಪತ್ರಿಕೆಗಳ ಸಿದ್ಧ ಉತ್ತರ: ಜಾಗತೀಕರಣ, ದೇಸಿಯ ಸಾವು, ಎಲ್ಲಿ ಹೋಯಿತು ಗುಮಟೆ? ಗುಮಟೆ ಎಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ಖಾಲಿ. ಒಂದು ಕೈ ಚರ್ಮದ ಮೇಲೆ ಆಡುವಾಗ ಇನ್ನೊಂದು ಕೈ ಖಾಲಿ ಬಾಯನ್ನು ಮುಚ್ಚಿ ತೆರೆದು ನಾದವನ್ನು ಬಾಗಿಸುತ್ತದೆ. ಅಂಕೋಲೆ, ಕುಮಟೆ ಕಡೆಯ ಹಾಲಕ್ಕಿ ಒಕ್ಕಲಿಗರು ಗುಮಟೆಪಾಂಗಿನಲ್ಲಿ ಇದನ್ನು ಬಾರಿಸುತ್ತ ಪುರಾಣದ ಕತೆ ಹಾಡುತ್ತಾರೆ. ಕಾಳಿ ದಾಟಿ ಗೋವೆಗೆ ಹೋದರೆ ಇದೇ ಮಡಕೆ ಘುಮಟ್. ಅಲ್ಲಿ ಅದು ಹಿಂದೂಗಳ ಚೌತಿಯಲ್ಲೂ ಇದೆ, ಕ್ರೈಸ್ತರ ಮಾಂಡೊ ಹಾಡಿನಲ್ಲಿ ಪಿಟೀಲಿನ ಜೊತೆಗೂ ಇದೆ. ಗೋವಾ ಸರಕಾರ 2019ರಲ್ಲಿ ಅದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಇಷ್ಟು ಹತ್ತಿರದ ವಾದ್ಯ ಇರುವಾಗ ಸಿಡ್ನಿಯ ಹಾಡು ಯಾಕೆ ಎಂದು ಕೇಳುವುದು ಸುಲಭ.

ಸುಲಭವೆಂದೇ ಅನುಮಾನ ಬಂತು. ಕಾರವಾರದ ಕ್ರೈಸ್ತರಲ್ಲಿ ಬಹಳ ಮನೆಗಳ ಹಿರಿಯರು ಗೋವೆಯಿಂದ ಬಂದವರು. ಬಂದ ಕಾರಣ ಒಂದೇ ಅಲ್ಲ: ಬರ, ಕಾಯಿಲೆ, ಮರಾಠರ ದಂಡು, 1560ರಿಂದ ಅಲ್ಲಿ ನೆಲೆಯೂರಿದ ಇನ್‌ಕ್ವಿಸಿಶನ್ ಎಂಬ ಧರ್ಮನ್ಯಾಯಾಲಯ. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್, ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಮಾಡಿದ. 1736ರ ಇನ್ನೊಂದು ಆಜ್ಞೆ ಮದುವೆಮನೆಯ ವೋವಿ ಹಾಡನ್ನೂ ಊರಿನ ವಾದ್ಯಗಳನ್ನೂ ನಿಷೇಧಿಸಿತು. ಅದೇ ಆಳ್ವಿಕೆಯ ಇಗರ್ಜಿ ಶಾಲೆಗಳೇ ಹಳ್ಳಿಯ ಮಕ್ಕಳಿಗೆ ಸ್ವರಲಿಪಿ, ಪಿಟೀಲು ಕಲಿಸಿದವು. ಆ ಕಲಿಕೆಯಿಂದ ಬಂದವರು ಮುಂದೆ ಮುಂಬಯಿ ಸಿನಿಮಾದ ವಾದ್ಯವೃಂದಗಳನ್ನು ತುಂಬಿದರು. ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಆಂಥನಿ ಗೊನ್ಸಾಲ್ವಿಸ್ ಅವರಲ್ಲೊಬ್ಬರು. ಹೀಗಿರುವಾಗ ಗಿಟಾರನ್ನು ಪರಕೀಯ ಎನ್ನಲು ನಮಗೆ ನಾಲಿಗೆ ಹೊರಳದು. ದೇಸಿಯ ಪ್ರಶ್ನೆಯನ್ನು ನಮಗಿಂತ ದೊಡ್ಡವರು ನಮಗಿಂತ ಮೊದಲೇ ಕೈಗೆತ್ತಿಕೊಂಡಿದ್ದಾರೆ ಕೂಡ. ಕಿಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಬದುಕನ್ನು ಇಲ್ಲಿಯ ಛಂದಸ್ಸಿನಲ್ಲಿ ಹೇಳಿದ. ಮಂಗಳೂರಿನ ಮಾಂಡ್ ಸೊಭಾಣ್ 1986ರಿಂದ ಕೊಂಕಣಿಯ ಜನಪದ ಧಾಟಿಗಳನ್ನು ಹುಡುಕಿ ಹಾಡಿಸುತ್ತಿದೆ.

ಎರಡನೆಯ ದಿನ ಸಂಜೆ ಹಾಡಿಗೆ ಮುಂಚೆ ಚಹದ ಹೊತ್ತಿನಲ್ಲಿ ಕೀಬೋರ್ಡು ನುಡಿಸುವ ಹುಡುಗಿಯ ಪರಿಚಯವಾಯಿತು. ಹಳಿಯಾಳ ಕಡೆಯ ಸಿದ್ದಿ ಹುಡುಗಿ. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಪ್ರಾಂತ್ಯಕ್ಕೆ ಇಡೀ ಉತ್ತರ ಕನ್ನಡ ಸೇರುವುದರಿಂದ ಘಟ್ಟದ ಮೇಲಿನ ಮಕ್ಕಳೂ ಇಂಥ ಕೂಟಕ್ಕೆ ಬರುತ್ತಾರೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ ಸಿದ್ದಿಗಳದು. ಅವರಲ್ಲಿ ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ. ಡಮಾಮಿ ಮೂವರಿಗೂ ಸೇರಿದ್ದು. ನಾವು ಬಾಯಿ ತಪ್ಪಿ ಕೇಳಿಬಿಟ್ಟೆವು: ‘ನೀನು ಡಮಾಮಿ ಬಾರಿಸೂದಿಲ್ವೇನಮ್ಮ?’

ಹುಡುಗಿ ಒಂದು ಗಳಿಗೆ ನಮ್ಮನ್ನು ನೋಡಿದಳು. ‘ಅಜ್ಜ ಬಾರಿಸ್ತಿದ್ರು. ನಾನು ಹಾಸ್ಟೆಲಿನಲ್ಲಿ ಸಿಸ್ಟರ್ ಹತ್ರ ಇದನ್ನ ಕಲ್ತೆ. ಇದೂ ನಂದೇ ಅಲ್ವಾ ಸರ್?’

ಸಿದ್ದಿ ಎಂದರೆ ಕುಣಿಯಬೇಕು, ಹಾಲಕ್ಕಿ ಎಂದರೆ ಹಾಡಬೇಕು, ನಾವು ಕೂತು ನೋಡಿ ‘ಅಬ್ಬ, ಸಂಸ್ಕೃತಿ’ ಎನ್ನಬೇಕು. ಈ ಚಟ ನಮ್ಮಲ್ಲೂ ಇದೆ ಎಂದು ತಿಳಿದು ನಾಚಿಕೆಯಾಯಿತು. ಅವಳ ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯ ಕತೆ ಇನ್ನೂ ಸ್ವಾರಸ್ಯದ್ದು. ಕಹೋನ್ ಎಂದು ಅದರ ಹೆಸರು. ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಸ್ಪೇನಿನವರು ಗುಲಾಮರಾಗಿ ಒಯ್ದ ಆಫ್ರಿಕದವರು ಸರಕಿನ ಪೆಟ್ಟಿಗೆಯನ್ನೇ ಡೋಲು ಮಾಡಿಕೊಂಡು ಕಟ್ಟಿದ ವಾದ್ಯ. ನಾವು ಪಾಶ್ಚಾತ್ಯ ಎಂದು ಮೂಗು ಮುರಿದ ಪೆಟ್ಟಿಗೆ ಈ ಹುಡುಗಿಯ ಅಜ್ಜನ ಡಮಾಮಿಗೆ ದೂರದ ದಾಯಾದಿ.

ವಾದ್ಯದಲ್ಲಿ ತಪ್ಪಿಲ್ಲ ಎಂದಾದರೆ ಮೊದಲ ಸಂಜೆ ಸಭೆ ಯಾಕೆ ಹಾಡಲಿಲ್ಲ? ಉತ್ತರ ಆ ಎರಡನೆಯ ಸಂಜೆಯೇ ಸಿಕ್ಕಿತು, ಅದೂ ಇದೇ ಹುಡುಗಿಯಿಂದ. ಧ್ವನಿಮುದ್ರಣದಲ್ಲಿ ಹಾಡುವವರು ತಾರಸ್ಥಾಯಿಯಲ್ಲಿ ಪಳಗಿದವರು. ಅವರ ಶ್ರುತಿಯನ್ನೇ ನಮ್ಮ ಮಕ್ಕಳು ಹಾಗೇ ಇಟ್ಟುಕೊಂಡಿದ್ದರು. ಪಲ್ಲವಿ ಬಂದಾಗ ಮೀಸೆ ಚಿಗುರುತ್ತಿರುವ ಹುಡುಗರ ಗಂಟಲು ಅಲ್ಲಿಗೆ ಮುಟ್ಟುತ್ತಿರಲಿಲ್ಲ, ಮುಟ್ಟದವರು ಸುಮ್ಮನಾಗುತ್ತಿದ್ದರು. ಹುಡುಗಿ ಅದನ್ನು ಗಮನಿಸಿದ್ದಳು. ಎರಡನೆಯ ಹಾಡಿಗೆ ಮುನ್ನ ಕೀಬೋರ್ಡಿನ ಶ್ರುತಿಯನ್ನು ಎರಡು ಮನೆ ಇಳಿಸಿದಳು. ವೇದಿಕೆಯ ಮೇಲೆ ಸಣ್ಣ ಜಗಳವೇ ಆಯಿತು. ನಮ್ಮ ಗೆಳೆಯರ ಮಗ ವಾರಗಟ್ಟಲೆ ಕೂತು ಕಲಿತ ಗಿಟಾರಿನ ತುಣುಕು ಹಳೆಯ ಶ್ರುತಿಗೆ ಹೊಂದಿಸಿದ್ದು. ಅವನು ಮುಖ ಕೆಂಪಗೆ ಮಾಡಿಕೊಂಡು ಆ ತುಣುಕನ್ನು ಬಿಟ್ಟ. ಆದರೆ ಹಿಂದಿನ ಬೆಂಚುಗಳಿಂದ, ಮೊದಲ ಸಲ, ದನಿ ಎದ್ದಿತು. ಅಷ್ಟೇನೂ ಇಂಪಾಗಿರಲಿಲ್ಲ. ಒಬ್ಬಿಬ್ಬರು ಶ್ರುತಿ ಬಿಟ್ಟಿದ್ದರು. ಆದರೆ ಅದು ಸಭೆಯ ದನಿಯಾಗಿತ್ತು.

ಕವ್ವಾಲಿ ಕೇಳಿದವರಿಗೆ ಇದು ಹೊಸದೆನಿಸದು. ದರ್ಗಾದ ಮೆಹಫಿಲಿನಲ್ಲೂ ಒಂದೇ ಸಾಲು ಹತ್ತು ಸಲ ಮರಳುತ್ತದೆ. ಆದರೆ ಎಷ್ಟು ಸಲ ಎಂಬುದನ್ನು ಕವ್ವಾಲ ಮನೆಯಲ್ಲಿ ಎಣಿಸಿಕೊಂಡು ಬಂದಿರುವುದಿಲ್ಲ. ಕೇಳುವವರಲ್ಲಿ ಯಾರೋ ಒಬ್ಬನಿಗೆ ಯಾವ ಮಾತು ತಾಗಿತು ಎಂದು ಅವನ ಕಣ್ಣು ಸಭೆಯ ಮೇಲೇ ಇರುತ್ತದೆ. ತಾಗಿದ ಮಾತನ್ನು ಆ ಮನುಷ್ಯ ತಣಿಯುವ ತನಕ ಬಿಡುವುದಿಲ್ಲ. ಯಕ್ಷಗಾನದ ಭಾಗವತನೂ ಹಾಗೆಯೇ, ವೇಷದ ಕಾಲು ನೋಡುತ್ತ ಪದ ಎಳೆಯುತ್ತಾನೆ. ಈ ಬ್ಯಾಂಡಿನ ಮಕ್ಕಳ ಪುನರಾವರ್ತನೆ ಧ್ವನಿಮುದ್ರಣದ ಲೆಕ್ಕದ್ದು. ಮೊದಲ ಸಂಜೆ ಹಾಡುವಾಗ ಎಲ್ಲರ ಕಣ್ಣೂ ಮುಚ್ಚಿತ್ತು. ಭಕ್ತಿಯಿಂದಲೇ ಮುಚ್ಚಿದ್ದು, ಅನುಮಾನವಿಲ್ಲ. ಆದರೆ ಸೇವೆ ಎಂದ ಮೇಲೆ ಬಡಿಸುವವನು ಕಣ್ಣು ಮುಚ್ಚಿದರೆ ಎಲೆಯಲ್ಲಿ ಏನು ಮುಗಿದಿದೆ ಎಂದು ಗೊತ್ತಾಗುವುದು ಹೇಗೆ? ಕೀಬೋರ್ಡಿನ ಹುಡುಗಿ ಒಬ್ಬಳ ಕಣ್ಣು ತೆರೆದಿತ್ತು. ವಿಮರ್ಶೆಯ ದೃಷ್ಟಿಯಿಂದ ಆ ಮೂರು ದಿನಗಳಲ್ಲಿ ಸೇವೆ ಮಾಡಿದವಳು ಅವಳು. ಹುಡುಗ ಮಾಡಿದ್ದು ನುಡಿಸಾಣಿಕೆ. ಅದು ಚೆನ್ನಾಗಿತ್ತು, ಆ ಮಾತು ಬೇರೆ.

ಈ ತಳಮಳ ಹಳೆಯದು. ಈಗಿನ ಅಲ್ಜೀರಿಯಾದ ನೆಲದಲ್ಲಿ ಬಾಳಿದ ಸಂತ ಅಗಸ್ಟೀನ್, ಹಾಡಿನ ಅರ್ಥಕ್ಕಿಂತ ಹಾಡಿಕೆಯೇ ತನ್ನನ್ನು ಹೆಚ್ಚು ಅಲುಗಿಸಿದರೆ ಅದು ತನ್ನ ಪಾಪ ಎಂದು ಆತ್ಮನಿವೇದನೆಯಲ್ಲಿ ಒಪ್ಪಿಕೊಂಡ. ಇಮಾಮ್ ಗಝ್ಝಾಲಿ ಸಮಾವನ್ನು ಸಮರ್ಥಿಸುವಾಗಲೂ ಅದಕ್ಕೆ ತಕ್ಕ ಹೊತ್ತು, ತಕ್ಕ ಜಾಗ, ತಕ್ಕ ಒಡನಾಡಿಗಳು ಬೇಕು ಎಂಬ ಜುನೈದರ ಮಾತನ್ನು ನೆನೆದರು. ವಾದ್ಯಗಳ ವಿಚಾರದಲ್ಲಿ ಎರಡೂ ಕಡೆಯ ಪಂಡಿತರು ತಕರಾರು ಮಾಡಿದ್ದಾರೆ, ಅದೂ ತಿರುವುಮುರುವಾಗಿ. 1903ರಲ್ಲಿ ಪೋಪ್ ಹತ್ತನೇ ಪಿಯುಸ್ ಇಗರ್ಜಿಯೊಳಗೆ ಪಿಯಾನೊ, ಡೋಲು, ತಾಳ ಬೇಡವೆಂದು, ಗಾಳಿಯಿಂದ ನುಡಿಯುವ ಆರ್ಗನ್ನಿಗೆ ಸಮ್ಮತಿ ಉಳಿಸಿದರು. ನಮ್ಮಲ್ಲಿ ದಫ್ಫಿಗೆ ಸಮ್ಮತಿ, ಕೊಳಲು ತಂತಿಗಳ ಬಗ್ಗೆ ವಾದ ಇನ್ನೂ ಮುಗಿದಿಲ್ಲ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನಭಾಷೆಗೆ ಬಾಗಿಲು ತೆರೆದು, ಆಯಾ ನಾಡಿನ ಸಂಗೀತಕ್ಕೆ ಮನ್ನಣೆ ಕೊಟ್ಟು, ಎಲ್ಲಕ್ಕಿಂತ ಮುಖ್ಯವಾಗಿ ಪೂಜೆಯಲ್ಲಿ ಜನರು ನೋಡುತ್ತ ಕೂರದೆ ತಾವೇ ಪಾಲ್ಗೊಳ್ಳಬೇಕು ಎಂದಿತು. ವರ್ಶಿಪ್ ಬ್ಯಾಂಡನ್ನು ಅಳೆಯಲು ಹೊರಗಿನ ಅಳತೆಗೋಲು ಬೇಕಿಲ್ಲ, ಅವರದೇ ಇದೆ.

ಭಾಷೆಯ ಬಗ್ಗೆ ನಮ್ಮ ಆಕ್ಷೇಪ ಮಾತ್ರ ಉಳಿದೇ ಇದೆ. ಇಂಗ್ಲಿಷ್ ಬೇಡವೆಂದಲ್ಲ. ಘಟ್ಟದ ಮೇಲಿನ ಸಿದ್ದಿ ಕೊಂಕಣಿ, ಕಾರವಾರದ ಕೊಂಕಣಿ, ಕನ್ನಡ, ಇವುಗಳ ನಡುವೆ ಇಂಗ್ಲಿಷ್ ಯಾರಿಗೂ ಸೇರದ, ಹಾಗಾಗಿ ಜಗಳವಿಲ್ಲದ ಬಯಲು ಎಂದು ಹಿರಿಯ ಪಾದ್ರಿಯೊಬ್ಬರು ಹೇಳಿದರು. ಆ ಮಾತಿನಲ್ಲಿ ಹುರುಳಿದೆ. ಆದರೆ ಮೂರನೆಯ ಸಂಜೆ ಅವರು ಹಾಡಿದ ಒಂದು ಹಳೆಯ ಕೊಂಕಣಿ ಗೀತೆಗೆ ಪ್ರೊಜೆಕ್ಟರು ಬೇಕಾಗಲಿಲ್ಲ. ಅಡುಗೆಮನೆಯಲ್ಲಿ ಸಾಂಬಾರಿಗೆ ಕಾಯಿ ರುಬ್ಬುತ್ತಿದ್ದ ಬಾಯಿಯಮ್ಮನೂ ಅಲ್ಲಿಂದಲೇ ದನಿಗೂಡಿಸಿದರು. ಮೂರು ದಿನದ ಪಟ್ಟಿಯಲ್ಲಿ ಅಂಥವು ಎರಡೇ ಇದ್ದದ್ದು ಕಡಿಮೆಯಾಯಿತು. ಇನ್ನೂ ಒಂದು: ದಿನಕ್ಕೆ ಐದಾರು ಹೊಸ ಹಾಡು ಕಲಿಸುವ ಹಟ. ಹೊಸ ಹಾಡನ್ನು ಜನ ಮೊದಲು ಕೇಳುತ್ತಾರೆ, ಹಾಡುವುದು ಆಮೇಲೆ. ಎರಡನ್ನೇ ಮೂರು ದಿನ ಹಾಡಿಸಿದ್ದರೆ ಮಕ್ಕಳು ಊರಿಗೆ ಒಯ್ಯುತ್ತಿದ್ದರು.

ಎಂಟು ಗಂಟೆಗೆ ಸ್ವಯಂಸೇವಕರು ಬಂದು ರಸ್ತೆ ಬದಿಯ ಕಿಟಕಿಗಳನ್ನು ಮುಚ್ಚುತ್ತಿದ್ದರು. ಸೊಳ್ಳೆಗೆ ಇರಬಹುದು ಎಂದುಕೊಂಡೆವು. ಕೇಳಿದರೆ ‘ಸುಮ್ನೆ ಯಾಕೆ’ ಎಂದಷ್ಟೇ ಹೇಳಿದರು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಿನ ಚರ್ಚುಗಳ ಮೇಲೆ ದಾಳಿಯಾದ ಮೇಲೆ ಕರಾವಳಿಯಲ್ಲಿ ಪ್ರಾರ್ಥನೆಯ ಹಾಡು ಕಿಟಕಿ ದಾಟುವುದು ಸಣ್ಣ ಸಂಗತಿಯಾಗಿ ಉಳಿದಿಲ್ಲ. ಆ ‘ಸುಮ್ನೆ ಯಾಕೆ’ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುಮಟೆಯ ಮಾತನ್ನು ನಾವು ಹುಡುಗನ ಎದುರು ಆಡಿದ್ದು ಕೂಟ ಮುಗಿದ ಮೇಲೆ, ಅದೂ ಹಿಂಜರಿಯುತ್ತ. ಅವನಿಗೆ ಕುತೂಹಲವಾಯಿತು. ಮುಂದಿನ ಭಾನುವಾರ ಅಪ್ಪ ಮಗನ ಜೊತೆ ಅಂಕೋಲೆಗೆ ಹೋಗಿ ಪರಿಚಯದ ಹಾಲಕ್ಕಿ ಹಿರಿಯರೊಬ್ಬರ ಮನೆ ಹೊಕ್ಕೆವು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಆ ಕಡೆ ಹಾಡಿನ ಮಾತು ತೆಗೆದರೆ ಅವರ ಹೆಸರಿನಿಂದಲೇ ಶುರು. ಇಲ್ಲೂ ಹಾಗೇ ಆಯಿತು. ಅಟ್ಟದಿಂದ ಗುಮಟೆ ಇಳಿಯಿತು. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು, 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದು ಅಪರಾಧ. ಇದು ಆಡಿನ ಚರ್ಮದ್ದು, ‘ಆ ದನಿ ಬರೂದಿಲ್ಲ’ ಎಂದರು ಅಜ್ಜ. ಹುಡುಗ ಮೊಬೈಲು ತೆಗೆದು ಶ್ರುತಿ ನೋಡಲು ಹೊರಟ. ಮುಳ್ಳು ಎಲ್ಲೂ ನಿಲ್ಲದೆ ಓಲಾಡಿತು.

‘ಅದೆಲ್ಲ ಇರ್ಲಿ ತಮ್ಮ, ನೀ ಮೊದ್ಲು ಪದ ಹೇಳು. ಕೇಳದೆ ಹೇಗೆ ಬಡಿಯೂದು?’

ಅವನು ನಾಚಿಕೊಂಡು ತನಗೆ ಚೆನ್ನಾಗಿ ಬರುವ ಇಂಗ್ಲಿಷ್ ಹಾಡನ್ನೇ ಶುರು ಮಾಡಿದ. ಅಜ್ಜ ನಾಲ್ಕು ಸಾಲು ಕೇಳಿ, ಮತ್ತೆ ಹೇಳು ಎಂದರು. ಎರಡನೆಯ ಸಲ ಕೈ ಹಾಕಿ ನೋಡಿ, ಚರ್ಮ ಮಂಜಿಗೆ ಸಡಿಲಾಗಿದೆ ಎಂದು ಗುಮಟೆಯನ್ನು ಒಳಗೆ ಒಲೆಯ ಪಕ್ಕ ಇಟ್ಟು ಬಂದರು. ಅದು ಕಾಯುವ ತನಕ ಎಲ್ಲರೂ ಜಗಲಿಯಲ್ಲಿ ಕೂತೆವು.