ಯಾರ ಕಣ್ಣಿನ ಕೆಳಗೆ?

ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಅವರ 1985ರ ಕಾದಂಬರಿಯನ್ನು ಆಧರಿಸಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’, ಎಂದರೆ ‘ದಾಸಿಯ ಕಥೆ’ ಎಂಬ ಅಮೆರಿಕದ ಧಾರಾವಾಹಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕಾಲೇಜಿಗೆ ಹೋಗುವ ಮಕ್ಕಳ ಬಾಯಲ್ಲಿ ಅದರ ಹೆಸರನ್ನಾದರೂ ಕೇಳಿರಬಹುದು. 2017ರ ಏಪ್ರಿಲ್‌ನಲ್ಲಿ ಆರಂಭವಾಗಿ, ಆರು ಸೀಸನ್‌ಗಳನ್ನು ದಾಟಿ, 2025ರ ಮೇ ತಿಂಗಳಲ್ಲಿ ಅದು ಮುಕ್ತಾಯಗೊಂಡಿತು. ಮೊದಲ ವರ್ಷವೇ ಎಮ್ಮಿ ಪ್ರಶಸ್ತಿಯನ್ನು ಪಡೆಯಿತು. ಪ್ರಶಸ್ತಿಗಿಂತ ಹೆಚ್ಚಾಗಿ ವಾಗ್ವಾದವನ್ನು ಗಳಿಸಿತು. ಆ ವಾಗ್ವಾದದಲ್ಲಿ ಪವಿತ್ರ ಗ್ರಂಥವೂ ಸಿಕ್ಕಿಕೊಂಡಿರುವುದರಿಂದ ನಾವು ಕಿವಿಗೊಡುವುದು ಒಳ್ಳೆಯದು.

ಕಥೆ ಹೀಗಿದೆ. ಮಕ್ಕಳ ಜನನವೇ ವಿರಳವಾದ ಕಾಲದಲ್ಲಿ, ಧರ್ಮದ ಹೆಸರು ಹೇಳುವ ಗುಂಪೊಂದು ಅಮೆರಿಕದ ಸರ್ಕಾರವನ್ನು ಉರುಳಿಸಿ ‘ಗಿಲ್ಯಾದ್’ ಎಂಬ ರಾಜ್ಯವನ್ನು ಕಟ್ಟುತ್ತದೆ. ಸ್ತ್ರೀಯರು ದುಡಿಯುವಂತಿಲ್ಲ, ಆಸ್ತಿ ಹೊಂದುವಂತಿಲ್ಲ, ಓದುವಂತಿಲ್ಲ. ಗರ್ಭ ಧರಿಸಬಲ್ಲವರನ್ನು ಹಿಡಿದು, ಕೆಂಪು ನಿಲುವಂಗಿ ತೊಡಿಸಿ, ಅಧಿಕಾರಿಗಳ ಮನೆಗಳಿಗೆ ದಾಸಿಯರನ್ನಾಗಿ ಹಂಚಲಾಗುತ್ತದೆ. ಜೂನ್ ಎಂಬಾಕೆ ತನ್ನ ಹೆಸರನ್ನೂ ಮಗಳನ್ನೂ ಕಳೆದುಕೊಂಡು, ಯಜಮಾನನ ಹೆಸರಿನಿಂದಲೇ ಗುರುತಿಸಲ್ಪಡುತ್ತಾಳೆ. ಪ್ರತಿ ತಿಂಗಳೂ ಆಕೆಯ ಮೇಲೆ ನಡೆಯುವ ಅತ್ಯಾಚಾರಕ್ಕೆ ಮುನ್ನ ಯಜಮಾನನು ಆದಿಕಾಂಡದ 30ನೆಯ ಅಧ್ಯಾಯವನ್ನು ಓದುತ್ತಾನೆ: ಬಂಜೆಯಾದ ರಾಖೇಲಳು ತನ್ನ ದಾಸಿ ಬಿಲ್ಹಾಳನ್ನು ಯಕೋಬನಿಗೆ ಒಪ್ಪಿಸಿದ ಪ್ರಸಂಗ.

ಇದು ಕ್ರೈಸ್ತ ವಿಶ್ವಾಸದ ಮೇಲಿನ ದಾಳಿ ಎಂಬುದು ಕೆಲವು ವೀಕ್ಷಕರ ಅಭಿಪ್ರಾಯ. ಅವರ ನೋವು ಅರ್ಥವಾಗುವಂಥದ್ದೇ. 2018ರಲ್ಲಿ ಅರ್ಜೆಂಟೀನಾದಲ್ಲಿ ಗರ್ಭಪಾತದ ಕಾನೂನು ಚರ್ಚೆಗೆ ಬಂದಾಗ, ಅದನ್ನು ಬೆಂಬಲಿಸಿದ ಸ್ತ್ರೀಯರು ಇದೇ ಕೆಂಪು ನಿಲುವಂಗಿ ತೊಟ್ಟು ಬೀದಿಗಿಳಿದರು. ಹುಟ್ಟಲಿರುವ ಶಿಶುವಿನ ಜೀವವೂ ಪವಿತ್ರವೆಂದು ನಂಬುವ ನಮಗೆ ಅದು ಕಸಿವಿಸಿಯ ಸಂಗತಿ. ಆದರೆ ಗಿಲ್ಯಾದ್ ಜೀವವನ್ನು ಗೌರವಿಸುವ ರಾಜ್ಯವಲ್ಲ. ಅದು ತಾಯಿಯ ತೋಳಿನಿಂದ ಮಗುವನ್ನು ಕಿತ್ತು ಉಳ್ಳವರಿಗೆ ಕೊಡುತ್ತದೆ. ಮಗು ಯಾರ ಹಕ್ಕೂ ಅಲ್ಲ, ಅದು ವರದಾನ ಎಂಬುದು ಕಥೋಲಿಕ ಧರ್ಮೋಪದೇಶದ (2378) ಬೋಧನೆ. ಗಿಲ್ಯಾದ್ ತುಳಿಯುವುದು ಇದನ್ನೇ. ಆ ರಾಜ್ಯದ ಗೋಡೆಗೆ ನೇತುಹಾಕಿದ ಶವಗಳಲ್ಲಿ ಕಥೋಲಿಕ ಗುರುವಿನ ಶವವೂ ಇದೆ ಎಂಬುದನ್ನು ದೂರುವವರು ಗಮನಿಸಬೇಕು.

ಇತಿಹಾಸದಲ್ಲಿ ಎಲ್ಲಿಯೂ ನಡೆಯದ ಯಾವುದನ್ನೂ ತಾನು ಬರೆದಿಲ್ಲವೆಂದು ಅಟ್‌ವುಡ್ ಹಲವು ಬಾರಿ ಹೇಳಿದ್ದಾರೆ. ರೊಮೇನಿಯದ ನಿರೀಶ್ವರವಾದಿ ಕಮ್ಯುನಿಸ್ಟ್ ಸರ್ಕಾರವು 1966ರಲ್ಲಿ ಸ್ತ್ರೀಯರ ಗರ್ಭವನ್ನು ಜನಸಂಖ್ಯೆಯ ಲೆಕ್ಕಕ್ಕೆ ಒಳಪಡಿಸಿತು. ಅರ್ಜೆಂಟೀನಾದ ಸೈನಿಕ ಸರ್ಕಾರವು (1976–83) ಬಂಧಿತ ತಾಯಂದಿರ ಶಿಶುಗಳನ್ನು ಕದ್ದು ತನ್ನವರಿಗೆ ಹಂಚಿತು. ದಬ್ಬಾಳಿಕೆಗೆ ಧರ್ಮವೇ ಬೇಕೆಂದಿಲ್ಲ. ಆದರೆ ಧರ್ಮ ದೊರೆತರೆ ಅದನ್ನು ಹೊದ್ದುಕೊಳ್ಳಲು ಅದು ಹಿಂಜರಿಯುವುದಿಲ್ಲ.

ಬೇರೆ ಆಕ್ಷೇಪಗಳಲ್ಲಿ ಹೆಚ್ಚಿನ ಹುರುಳಿದೆ. ಎರಡನೆಯ ಸೀಸನ್ನಿನಿಂದ ಹಿಂಸೆಯ ದೃಶ್ಯಗಳು ಮಿತಿಮೀರಿದವು, ತಪ್ಪಿಸಿಕೊಳ್ಳುವುದು ಮತ್ತು ಮರಳಿ ಸಿಕ್ಕಿಬೀಳುವುದೇ ಕಥೆಯಾಯಿತು ಎಂದು ಬೇಸತ್ತವರಿದ್ದಾರೆ. ಅದು ನಿಜ. ಸ್ತ್ರೀಯ ಯಾತನೆಯನ್ನು ಖಂಡಿಸಲು ಹೊರಟ ಕಲೆ ಅದನ್ನೇ ನೋಟದ ಸರಕಾಗಿಸುವ ಅಪಾಯವಿದೆ. ಮಕ್ಕಳೊಡನೆ ಕುಳಿತು ನೋಡುವ ಧಾರಾವಾಹಿ ಇದಲ್ಲ. ಕಪ್ಪು ವರ್ಣದ ಸ್ತ್ರೀಯರ ಆಕ್ಷೇಪ ಇನ್ನೂ ಆಳವಾದುದು: ಹೆಸರು ಕಳೆದುಕೊಳ್ಳುವುದು, ಅಕ್ಷರ ನಿಷೇಧ, ಮಕ್ಕಳ ಅಪಹರಣ ಇವೆಲ್ಲ ಅಮೆರಿಕದ ಗುಲಾಮಗಿರಿಯಲ್ಲಿ ತಮ್ಮ ಅಜ್ಜಿಯರು ಅನುಭವಿಸಿದ್ದು, ಬಿಳಿಯ ನಾಯಕಿಯ ಮೇಲೆ ಬಂದಾಗ ಮಾತ್ರ ಲೋಕ ಬೆಚ್ಚಿತೇ ಎಂದು ಅವರು ಕೇಳುತ್ತಾರೆ.

ಈ ಪ್ರಶ್ನೆ ನಮ್ಮನ್ನು ಮರಳಿ ಆದಿಕಾಂಡಕ್ಕೇ ಕರೆದೊಯ್ಯುತ್ತದೆ. ಆಫ್ರಿಕನ್-ಅಮೆರಿಕನ್ ದೈವಶಾಸ್ತ್ರಜ್ಞೆ ಡೆಲೋರಿಸ್ ವಿಲಿಯಮ್ಸ್ 1993ರ ತಮ್ಮ ಕೃತಿಯಲ್ಲಿ ಹಾಗರಳನ್ನು ತಮ್ಮ ಜನರ ತಾಯಿಯಂತೆ ಕಂಡರು. ಹಾಗರಳು ಐಗುಪ್ತದ ದಾಸಿ. ಒಡತಿಗಾಗಿ ಗರ್ಭ ಧರಿಸಬೇಕಾದವಳು. ಹಿಂಸೆ ತಾಳಲಾರದೆ ಅರಣ್ಯಕ್ಕೆ ಓಡಿದಳು. ಅಲ್ಲಿ ದೇವದೂತನು ಆಕೆಯನ್ನು ಹೆಸರು ಹಿಡಿದು ಕರೆದನು. ಆಕೆಯಾದರೋ ದೇವರಿಗೇ ಒಂದು ಹೆಸರಿಟ್ಟಳು: ನನ್ನನ್ನು ನೋಡುವ ದೇವರು. ಒಡತಿಯ ಬಳಿಗೆ ಹಿಂದಿರುಗು ಎಂಬ ಆಜ್ಞೆ ಓದುವವರನ್ನು ಇಂದಿಗೂ ಕಾಡುತ್ತದೆ. ವಿಲಿಯಮ್ಸ್ ಆ ತೊಡಕನ್ನು ಮರೆಮಾಚಲಿಲ್ಲ. ಆದರೆ ಆಕೆಯ ಕಣ್ಣೀರನ್ನು ಪವಿತ್ರ ಗ್ರಂಥವೂ ಮರೆಮಾಚಲಿಲ್ಲ.

ಗಿಲ್ಯಾದಿನಲ್ಲಿ ಜನರು ಬೀಳ್ಕೊಡುವಾಗ ‘ಅವನ ಕಣ್ಣಿನ ಕೆಳಗೆ’ ಎನ್ನುತ್ತಾರೆ. ಅಲ್ಲಿನ ಗೂಢಚಾರರ ಹೆಸರೂ ‘ಕಣ್ಣುಗಳು’. ಆ ಕಣ್ಣು ದಾಸಿಯನ್ನು ಕಾಯುತ್ತದೆ, ಆದರೆ ಕಾಣುವುದಿಲ್ಲ. ಹಾಗರಳ ದೇವರು ಆಕೆಯನ್ನು ಕಂಡನು. ಯಜಮಾನನು ಓದುವುದು ಬಿಲ್ಹಾಳ ಅಧ್ಯಾಯವನ್ನು. ಹಾಗರಳ ಅಧ್ಯಾಯದವರೆಗೆ ಅವನ ಬೆರಳು ಹೋಗುವುದಿಲ್ಲ. ದುರುಪಯೋಗದ ಗುಟ್ಟು ಇರುವುದು ಇಲ್ಲಿಯೇ: ಗ್ರಂಥ ಒಬ್ಬನ ಕೈಯಲ್ಲಿ, ಕಿವಿ ಮಾತ್ರ ಇತರರದು. ಎರಡನೆಯ ಸೀಸನ್ನಿನ ಕೊನೆಯಲ್ಲಿ, ಈ ರಾಜ್ಯವನ್ನು ಕಟ್ಟಲು ಹಿಂದೆ ನೆರವಾಗಿದ್ದ ಸೆರೀನಾ ಎಂಬ ಯಜಮಾನಿಯೇ, ಹೆಣ್ಣುಮಕ್ಕಳಿಗೂ ಗ್ರಂಥ ಓದಲು ಅನುಮತಿ ಬೇಡುತ್ತಾ ಅಧಿಕಾರಿಗಳ ಮುಂದೆ ಸಂತ ಯೊವಾನ್ನರ ಶುಭಸಂದೇಶದ ಆರಂಭವನ್ನು ಓದುತ್ತಾಳೆ. ಅದಕ್ಕಾಗಿ ಆಕೆಯ ಬೆರಳನ್ನು ಕತ್ತರಿಸುತ್ತಾರೆ. ದೇವರ ವಾಕ್ಯಕ್ಕೆ ಅಂಜುವವರು ಯಾರು, ಹಂಬಲಿಸುವವರು ಯಾರು ಎಂಬುದನ್ನು ಈ ಒಂದು ದೃಶ್ಯವೇ ಹೇಳುತ್ತದೆ. ಇದನ್ನು ಕ್ರೈಸ್ತ ವಿರೋಧಿ ಎನ್ನುವುದು ಹೇಗೆ?

ಗಿಲ್ಯಾದ್ ಕಲ್ಪನೆಯ ರಾಜ್ಯ; ಅರ್ಧ ವಾಕ್ಯದ ಓದು ಕಲ್ಪನೆಯಲ್ಲ. ಸ್ತ್ರೀಯರು ಪತಿಗೆ ಅಧೀನರಾಗಿರಬೇಕೆಂಬ ಸಂತ ಪೌಲರ ಮಾತು (ಎಫೆಸ 5:22) ನಮ್ಮ ಅನೇಕ ಗಂಡಸರಿಗೆ ಬಾಯಿಪಾಠ. ಅದಕ್ಕೆ ಹಿಂದಿನ ವಾಕ್ಯದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕೆಂದು ಅವರು ಹೇಳಿರುವುದು ಎಷ್ಟು ಮಂದಿಗೆ ನೆನಪಿದೆ? ಸಂತ ಎರಡನೆಯ ಜಾನ್ ಪೌಲರು 1988ರ ತಮ್ಮ ‘ಮುಲಿಯೆರಿಸ್ ದಿಗ್ನಿತಾತೆಮ್’ ಪತ್ರದಲ್ಲಿ ಈ ಪರಸ್ಪರ ಅಧೀನತೆಯನ್ನೇ ದಾಂಪತ್ಯದ ಅಳತೆಗೋಲಾಗಿ ವಿವರಿಸಿದರು. ಹೊಡೆತ ತಿಂದ ಹೆಂಡತಿಗೆ ‘ಇದು ನಿನ್ನ ಶಿಲುಬೆ, ಹೊತ್ತುಕೋ’ ಎಂದು ಹೇಳುವ ನಾಲಿಗೆ, ಅದು ಅತ್ತೆಯದಾಗಲಿ ಗುರುವಿನದಾಗಲಿ, ಗಿಲ್ಯಾದಿನ ಭಾಷೆಯನ್ನೇ ಆಡುತ್ತದೆ.

ಆದುದರಿಂದ, ಪ್ರಿಯ ಓದುಗರೇ, ಧಾರಾವಾಹಿಯನ್ನು ನೋಡುವುದು ಬಿಡುವುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು. ಆದರೆ ಇಂದು ರಾತ್ರಿ ಜಪಸರದ ನಂತರ ಆದಿಕಾಂಡದ 16ನೆಯ ಅಧ್ಯಾಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಮನೆಯ ಹೆಣ್ಣುಮಗಳೇ ಅದನ್ನು ಓದಲಿ, ಗಂಡಸರು ಕೇಳಲಿ.