ಎರಡು ನಿಮಿಷದ ಪಿತ್ತ

ಕೂದಲು ಯಾಕೆ ಉದುರುತ್ತಿದೆ ಅಂತ ಕಂಡುಹಿಡಿಯೋಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ ಸಾಕಂತೆ. ಮೊಬೈಲಿನಲ್ಲಿ ಹದಿನೈದು ಪ್ರಶ್ನೆ. ನಿದ್ದೆ ಹೇಗೆ, ಹೊಟ್ಟೆ ಹೇಗೆ, ಸಿಟ್ಟು ಬೇಗ ಬರುತ್ತಾ, ಮನೆಗೆ ಬರೋದು ಬೋರ್ ನೀರಾ ಕಾವೇರಿ ನೀರಾ. ಕೊನೆಗೆ ನೆತ್ತಿಯದೊಂದು ಫೋಟೋ. ಅಷ್ಟಾದರೆ ‘ನಿಮ್ಮದು ಪಿತ್ತ ಪ್ರಕೃತಿ’ ಅಂತ ತೀರ್ಪು ಬರುತ್ತೆ. ಅದರ ಹಿಂದೆಯೇ ನಮ್ಮ ಹೆಸರು ಅಂಟಿಸಿದ ಎಣ್ಣೆ, ಶಾಂಪೂ, ಮಾತ್ರೆಗಳ ಕಿಟ್ಟು. ಐದು ತಿಂಗಳು ಬಿಡದೆ ಬಳಸಬೇಕು. ಮೊಡವೆಗೂ ಇದೇ ಕಥೆ, ಬಾಟಲಿ ಮಾತ್ರ ಬೇರೆ.

ಸಿನಿಮಾ, ಪುಸ್ತಕಗಳನ್ನು ವಿಮರ್ಶೆ ಮಾಡೋ ನಾವು ಈ ಪ್ರಶ್ನಾವಳಿಯನ್ನು ಯಾಕೆ ಬಿಡಬೇಕು? ನಮ್ಮ ವಯಸ್ಸಿನವರು ಇದನ್ನು ಎಷ್ಟೋ ಕಾದಂಬರಿಗಳಿಗಿಂತ ಗಮನವಿಟ್ಟು ಓದುತ್ತಾರೆ. ಹಾಗಾಗಿ ನಾನು ಒಂದೇ ಆ್ಯಪಿನಲ್ಲಿ ಮೂರು ಸಲ, ಮೂರು ಬೇರೆ ಬೇರೆ ಮನುಷ್ಯರಾಗಿ ಉತ್ತರ ಕೊಟ್ಟು ನೋಡಿದೆ. ಮೂರು ಪ್ರಕೃತಿ ಬಂದವು. ಕಿಟ್ಟಿನಲ್ಲಿ ಬದಲಾಗಿದ್ದು ಎಣ್ಣೆ ಒಂದೇ. ಉಳಿದ ಡಬ್ಬಿಗಳೆಲ್ಲ ಅವೇ.

ಇದರಲ್ಲಿ ಅಚ್ಚರಿಯೇನೂ ಇಲ್ಲ. ಮಾರಾಟಕ್ಕೆ ತಯಾರಾಗುವ ಆಯುರ್ವೇದ ಔಷಧಿಗೆ ಲೈಸೆನ್ಸ್ ಬೇಕು, ಲೈಸೆನ್ಸ್ ಸಿಗೋದು ಗೊತ್ತುಪಡಿಸಿದ ಸೂತ್ರಕ್ಕೆ. ನಮಗೋಸ್ಕರ ಯಾರೂ ಹೊಸದಾಗಿ ಗರುಗದ ಸೊಪ್ಪು ಅರೆಯುತ್ತಾ ಕೂತಿರುವುದಿಲ್ಲ. ತಮಾಷೆ ಅಂದರೆ, 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ, ತನ್ನ ರೋಗಿಗೆ ತಾನೇ ಔಷಧಿ ಮಾಡಿಕೊಡುವ ವೈದ್ಯರಿಗೆ ಈ ವಿಷಯದಲ್ಲಿ ವಿನಾಯಿತಿ ಕೊಟ್ಟಿದೆ. ಅಂದರೆ ‘ನಿಮಗಾಗಿಯೇ’ ಅನ್ನೋದಕ್ಕೆ ಕಾನೂನಿನಲ್ಲೂ ಒಂದು ಜಾಗ ಇದೆ. ಆ ಜಾಗದಲ್ಲಿ ಎದುರುಬದುರು ಕೂತ ಇಬ್ಬರು ಮನುಷ್ಯರಿದ್ದಾರೆ.

ಚರಕ ಸಂಹಿತೆಯ ವಿಮಾನಸ್ಥಾನದ ಎಂಟನೇ ಅಧ್ಯಾಯದಲ್ಲಿ ರೋಗಿಯನ್ನು ಹತ್ತು ವಿಧದಲ್ಲಿ ಪರೀಕ್ಷಿಸಬೇಕು ಅಂತಿದೆ. ಪ್ರಕೃತಿ ಅದರಲ್ಲಿ ಮೊದಲನೆಯದು. ಎರಡನೆಯದು ವಿಕೃತಿ. ಆಮೇಲೆ ದೇಹದ ಸಾರ, ಮೈಕಟ್ಟು, ಅಳತೆ, ಒಗ್ಗುವ ಆಹಾರ, ಮನೋಬಲ, ಜೀರ್ಣಶಕ್ತಿ, ಶ್ರಮ ತಡೆಯುವ ಶಕ್ತಿ, ವಯಸ್ಸು. ಪ್ರಕೃತಿ ಅಂದರೆ ನೀವು ಹುಟ್ಟಿನಿಂದ ಹೇಗಿದ್ದೀರಿ ಅನ್ನೋದು. ವಿಕೃತಿ ಅಂದರೆ ಈಗ ಏನು ಕೆಟ್ಟಿದೆ ಅನ್ನೋದು. ಆ್ಯಪು ಮೊದಲನೆಯದರಲ್ಲೇ ನಿಂತುಬಿಡುತ್ತದೆ, ಏಕೆಂದರೆ ಕೇಳೋಕೆ ಹಿತವಾಗಿರೋದು ಅದೇ. ರಾಶಿ ಭವಿಷ್ಯ ಓದಿದ ಹಾಗೆ, ‘ಅಯ್ಯೋ, ಇದು ನಾನೇ!’ ಅನ್ನಿಸುತ್ತೆ. ಆದರೆ ಕೂದಲು ಉದುರುತ್ತಿರೋದಕ್ಕೆ ಉತ್ತರ ಇರೋದು ಎರಡನೆಯದರಲ್ಲಿ.

ಮೊದಲನೆಯದಾದರೂ ಅಷ್ಟು ಸುಲಭವಾ? ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಪ್ರಕೃತಿಗೂ ವಂಶವಾಹಿಗಳಿಗೂ ನಂಟಿದೆಯೇ ಅಂತ ಹುಡುಕಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದಕ್ಕಾಗಿ 3,416 ಜನರನ್ನು ಪರೀಕ್ಷಿಸಿದರು. ಇಂಥದ್ದೇ ಪ್ರಕೃತಿ ಅಂತ ಚೆನ್ನಾಗಿ ವಿಂಗಡಿಸಿ ಅಧ್ಯಯನಕ್ಕೆ ತಗೊಂಡಿದ್ದು 262 ಗಂಡಸರನ್ನು. ಆ್ಯಪಿಗೆ ಈ ಕಷ್ಟವೇ ಇಲ್ಲ. ಬಂದವರೆಲ್ಲರಿಗೂ ಒಂದೊಂದು ಚೀಟಿ ಅಂಟಿಸಿ ಕಳಿಸುತ್ತದೆ.

ಹಾಗಾದರೆ ಇಷ್ಟು ಜನ ‘ನನಗೆ ಕೆಲಸ ಮಾಡ್ತು’ ಅನ್ನೋದು ಸುಳ್ಳಾ? ಅಲ್ಲ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ಡೆಂಗಿ, ಹೆರಿಗೆ, ಆಪರೇಷನ್, ವಿಪರೀತ ಡಯಟ್, ಇಂಥದ್ದೇನಾದರೂ ಆದ ಎರಡು ಮೂರು ತಿಂಗಳ ಮೇಲೆ ಬಾಚಣಿಗೆ ತುಂಬ ಬರೋಕೆ ಶುರುವಾಗುತ್ತೆ. ಕಾರಣ ಕಳೆದಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತೆ. ಐದು ತಿಂಗಳ ಕಿಟ್ಟು ಎಷ್ಟು ಸಮಯಕ್ಕೆ ಸರಿಯಾಗಿ ಬರುತ್ತೆ ನೋಡಿ! ಇನ್ನು ಕೆಲವು ಕಿಟ್ಟುಗಳಲ್ಲಿ ಆಯುರ್ವೇದದ ಮಾತ್ರೆಗಳ ಪಕ್ಕದಲ್ಲೇ ಮಿನಾಕ್ಸಿಡಿಲ್ ಇರುತ್ತದೆ. ಅದು ಚರ್ಮದ ಡಾಕ್ಟರು ಬರೆದುಕೊಡೋ ಅಲೋಪತಿ ಔಷಧಿ. ಕೆಲವರಿಗೆ ಹಚ್ಚಿದ ಮೊದಲ ವಾರಗಳಲ್ಲಿ ಕೂದಲು ಇನ್ನೂ ಹೆಚ್ಚು ಉದುರಬಹುದು. ಬಿಟ್ಟರೆ ಕೆಲವು ತಿಂಗಳಲ್ಲಿ ಬಂದ ಲಾಭ ಹೋಗುತ್ತದೆ. ಬೆಳೆಸಿದ್ದು ಅದು, ಹೊಗಳಿಕೆ ಸಿಕ್ಕಿದ್ದು ಭೃಂಗರಾಜನಿಗೆ.

ತನ್ನಷ್ಟಕ್ಕೇ ನಿಲ್ಲದ ಕೂದಲುದುರುವಿಕೆಯ ವಿಷಯ ಬೇರೆ. ನನ್ನ ಸಹೋದ್ಯೋಗಿಯೊಬ್ಬರು ಎಂಟು ತಿಂಗಳು ಇಂಥದ್ದೊಂದು ಕಿಟ್ಟು ಬಳಸಿದರು. ಬೈತಲೆ ಅಗಲವಾಗುತ್ತಲೇ ಹೋಯಿತು. ಮೆಟ್ರೋ ಮೆಟ್ಟಿಲು ಹತ್ತಿದರೆ ಏದುಸಿರು. ‘ಸ್ಟ್ರೆಸ್ಸು, ಪಿತ್ತ ಜಾಸ್ತಿ’ ಅಂತ ಕಂಪನಿಯ ‘ಹೇರ್ ಕೋಚ್’ ಸಮಾಧಾನ ಹೇಳುತ್ತಿದ್ದರು. ಆ ಪ್ರಶ್ನಾವಳಿಯಲ್ಲಿ ಮುಟ್ಟಿನ ಬಗ್ಗೆ ಒಂದು ಪ್ರಶ್ನೆ ಇತ್ತು: ಸರಿಯಾಗಿ ಆಗುತ್ತಾ? ಇವರು ಹೌದು ಅಂತ ಒತ್ತಿದ್ದರು. ತಿಂಗಳಿಗೊಮ್ಮೆ ಸರಿಯಾಗಿಯೇ ಆಗುತ್ತಿತ್ತು. ಎಷ್ಟು ಹೋಗುತ್ತೆ, ಎಷ್ಟು ದಿನ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ.

ಕೇಳಿದ್ದು ಅವರ ಮನೆ ಹತ್ತಿರದ ಒಬ್ಬ ಆಯುರ್ವೇದ ವೈದ್ಯೆ. ಕೆಳಗಿನ ರೆಪ್ಪೆ ಎಳೆದು ನೋಡಿ, ಎಣ್ಣೆಯ ಮಾತೇ ಎತ್ತದೆ, ‘ಮೊದಲು ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಾಮ್ಮ’ ಅಂದರಂತೆ. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದರು, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇತ್ತು.

ಇಡೀ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸೋದು ಇದೇ. ಇಲ್ಲಿ ಸೋತಿದ್ದು ಆಯುರ್ವೇದವಲ್ಲ. ಐದೂವರೆ ವರ್ಷ ಓದಿದ ಆ ವೈದ್ಯೆ ಮಾಡಿದ್ದು ವಿಕೃತಿ ಪರೀಕ್ಷೆ. ತನ್ನಿಂದ ಆಗದ್ದನ್ನು ಬೇರೆಯವರಿಗೆ ಒಪ್ಪಿಸಿದ್ದೂ ಚಿಕಿತ್ಸೆಯೇ. ಆ್ಯಪು ಹೊತ್ತು ತಂದ ಚೀಟಿಯಲ್ಲಿ ಆಯುರ್ವೇದದ ಶಬ್ದಗಳಿದ್ದವು, ಅದರ ಪದ್ಧತಿ ಇರಲಿಲ್ಲ.

ನಮ್ಮವರು ಈ ಕಿಟ್ಟುಗಳಿಗೆ ಬೀಳೋದಕ್ಕೆ ದಡ್ಡತನ ಕಾರಣ ಅಂತ ನಾನು ಹೇಳಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಒಂದು ಗಂಟೆ ಕಾದರೆ ಡಾಕ್ಟರ ಮುಂದೆ ನಾಲ್ಕು ನಿಮಿಷ ಸಿಗುತ್ತೆ. ಆ್ಯಪು ಹದಿನೈದು ಪ್ರಶ್ನೆ ಕೇಳುತ್ತೆ, ವಾರಕ್ಕೊಮ್ಮೆ ಫೋನ್ ಮಾಡುತ್ತೆ, ಹೆಸರು ಹಿಡಿದು ಮಾತಾಡಿಸುತ್ತೆ. ಯಾರೋ ನನ್ನನ್ನು ಗಮನಿಸುತ್ತಿದ್ದಾರೆ ಅನ್ನೋ ಸಮಾಧಾನಕ್ಕೆ ನಾವು ದುಡ್ಡು ಕೊಡುತ್ತೇವೆ. ಆ ಬಯಕೆ ನ್ಯಾಯವಾದದ್ದೇ. ಅದಕ್ಕೇ ಈ ವ್ಯಾಪಾರದ ಮೇಲೆ ನನಗೆ ಸಿಟ್ಟು.

ಹಾಗಾಗಿ ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ನೀವೇ ಕೇಳಿ. ಇದನ್ನು ಬರೆದುಕೊಟ್ಟ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಏನು? ಕಿಟ್ಟಿನಲ್ಲಿ ಅಲೋಪತಿ ಔಷಧಿ ಇದೆಯಾ? ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಯಾವ ಪರೀಕ್ಷೆ ಮಾಡಿಸ್ತೀರಿ? ಮೂರನೆಯದಕ್ಕೆ ‘ಇನ್ನೊಂದು ಕಿಟ್ಟು ಕಳಿಸ್ತೀವಿ ಸರ್’ ಅನ್ನೋ ಉತ್ತರ ಬಂದರೆ, ಫೋನಿಟ್ಟು ಹತ್ತಿರದ ಲ್ಯಾಬಿಗೆ ಹೋಗಿ.